ಶಾಲೆಯ ಸುದ್ದಿ ಯಾರ ಸ್ವತ್ತು?

(ಮಲೆನಾಡಿನ ಹೋಬಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಸೇರಿದ್ದ ತಂದೆತಾಯಿಗಳ ಸಭೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಮಾಡಿದ ಭಾಷಣ. — ಸಂ.)



ಈ ಸಭೆಯನ್ನು ಸಂಜೆ ಏಳು ಗಂಟೆಗೆ ಕರೆದದ್ದಕ್ಕಾಗಿ ಮುಖ್ಯೋಪಾಧ್ಯಾಯಿನಿಯವರನ್ನು ಮೊದಲು ಅಭಿನಂದಿಸುತ್ತೇನೆ. ಕೇಳುವುದಕ್ಕೆ ಇದು ಚಿಕ್ಕ ಮಾತು. ಆದರೆ ನಾನು ಮೂವತ್ತನಾಲ್ಕು ವರ್ಷ ಮೇಷ್ಟ್ರಾಗಿದ್ದವನು. ಆ ಮೂವತ್ತನಾಲ್ಕು ವರ್ಷವೂ ಪೋಷಕರ ಸಭೆಯನ್ನು ಬೆಳಿಗ್ಗೆ ಹನ್ನೊಂದು ಗಂಟೆಗೇ ಕರೆದೆ. ಹನ್ನೊಂದು ಗಂಟೆಗೆ ಅಡಿಕೆ ಸುಲಿಯುವವಳು ಮೆಟ್ಟುಗತ್ತಿಯ ಮುಂದೆ ಕುಳಿತಿರುತ್ತಾಳೆ, ನಾಟಿಯವಳು ಗದ್ದೆಯಲ್ಲಿ ಬಗ್ಗಿರುತ್ತಾಳೆ, ಕಲ್ಲುಕೋರೆಯವನು ಕೋರೆಯಲ್ಲಿರುತ್ತಾನೆ. ಬಂದರೆ ಆ ದಿನದ ಕೂಲಿ ಹೋಯಿತು. ಬರದಿದ್ದರೆ ನಾವು ಉಪಾಧ್ಯಾಯರು ಕೊಠಡಿಯಲ್ಲಿ ಕುಳಿತು "ಈ ಜನಕ್ಕೆ ಮಕ್ಕಳ ವಿದ್ಯೆಯ ಮೇಲೆ ಆಸ್ಥೆಯೇ ಇಲ್ಲ" ಎಂದು ಷರಾ ಬರೆಯುತ್ತಿದ್ದೆವು. ಆ ಷರಾವನ್ನು ನಾನೂ ಬರೆದಿದ್ದೇನೆ. ಇವತ್ತು ಈ ಪಡಸಾಲೆ ತುಂಬಿ ಹೊರಗಿನ ಜಗುಲಿಯಲ್ಲೂ ನೀವು ನಿಂತಿರುವುದನ್ನು ನೋಡಿದಾಗ ನಾನು ಎಷ್ಟು ವರ್ಷ ಸುಳ್ಳು ಬರೆದೆನೆಂಬುದು ಮನಸ್ಸಿಗೆ ಬರುತ್ತಿದೆ.

ಶಾಲೆಯಿಂದ ಒಂದು ಚೀಟಿ ಮನೆಗೆ ಬಂದರೆ ನಿಮ್ಮ ಎದೆ ಏಕೆ ಢವಗುಟ್ಟುತ್ತದೆ, ಹೇಳಿ. ಹುಡುಗ ಏನೋ ಕಿತಾಪತಿ ಮಾಡಿರಬೇಕು, ಇಲ್ಲವೆ ಏನೋ ಹಣ ಕೇಳುತ್ತಾರೆ, ಇಲ್ಲವೆ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಬೇಕಾಗಿದೆ. ಈ ಮೂರನ್ನು ಬಿಟ್ಟು ನಾಲ್ಕನೆಯ ಕಾರಣಕ್ಕೆ ಶಾಲೆ ನಿಮ್ಮನ್ನು ಕರೆದದ್ದು ಅಪರೂಪ. "ಈ ತಿಂಗಳು ಮಕ್ಕಳಿಗೆ ಇಂಥ ಮಾತ್ರೆ ಕೊಡುತ್ತೇವೆ, ಅದರಿಂದ ಹೀಗಾಗಬಹುದು, ಹೆದರಬೇಡಿ" ಎಂದು ಹೇಳುವುದಕ್ಕೆ ಕರೆದಿಲ್ಲ. "ಎರಡನೆ ಕೊಠಡಿಯ ತೊಲೆಗೆ ಗೆದ್ದಲು ಹಿಡಿದಿದೆ, ಆ ಮಕ್ಕಳನ್ನು ಜಗುಲಿಗೆ ತಂದಿದ್ದೇವೆ" ಎಂದು ಹೇಳುವುದಕ್ಕೂ ಕರೆದಿಲ್ಲ. ಒಂದು ಹಸುವನ್ನು ಬೇರೆಯವರ ಕೊಟ್ಟಿಗೆಯಲ್ಲಿ ಒಂದು ದಿನ ಕಟ್ಟಿದರೆ ಸಂಜೆ ಹೋಗಿ ಹುಲ್ಲು ಹಾಕಿದ್ದೀರಾ, ನೀರು ಕುಡಿಯಿತೇ ಎಂದು ಕೇಳುತ್ತೇವೆ. ಮಗುವನ್ನು ದಿನಕ್ಕೆ ಆರು ಗಂಟೆ, ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಬಿಟ್ಟು ಬರುತ್ತೇವೆ. ಕೇಳುವುದಕ್ಕೆ ಮಾತ್ರ ಸಂಕೋಚ. ಕೇಳಿದರೆ ಮೇಷ್ಟ್ರಿಗೆ ಸಿಟ್ಟು ಬಂದೀತು, ಆ ಸಿಟ್ಟು ಮಗುವಿನ ಮೇಲೆ ತಿರುಗೀತು ಎಂಬ ಭಯ. ಈ ಭಯ ಹುಟ್ಟಿಸಿದವರು ನಾವೇ.

ಶಾಲೆಯ ಸುದ್ದಿ ಮೇಷ್ಟ್ರು ಮಾಡುವ ಉಪಕಾರವಲ್ಲ, ಅದು ಮನೆಯವರ ಹಕ್ಕು ಎಂಬುದನ್ನು ಇವತ್ತು ನಿಮಗೆ ಮನವರಿಕೆ ಮಾಡಿಕೊಡಲು ಬಂದಿದ್ದೇನೆ. ಇದು ನನ್ನ ಸ್ವಂತ ಕಲ್ಪನೆಯಲ್ಲ. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಬಂದಾಗ ಕಡ್ಡಾಯವೆಂಬುದು ಪೋಷಕನ ಮೇಲಿತ್ತು: ಮಗುವನ್ನು ಕಳಿಸು. 2009ರಲ್ಲಿ ಪಾರ್ಲಿಮೆಂಟು ಮಾಡಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾನೂನಿನಲ್ಲಿ ಆ ಕಡ್ಡಾಯ ಸರ್ಕಾರದ ಮೇಲೆ ಬಿದ್ದಿತು. ಅದರ 21ನೆಯ ಕಲಮು ಹೇಳುವುದೇನೆಂದರೆ, ಶಾಲೆಯ ಆಡಳಿತ ನೋಡುವ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆತಾಯಿಗಳೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಂದಿ ಹೆಂಗಸರಾಗಿರಬೇಕು. ನಮ್ಮ ರಾಜ್ಯ ಇದಕ್ಕೂ ಮುಂಚೆಯೇ, 2001ರಲ್ಲಿ, ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಮಾಡಿತ್ತು. ಮೇಲುಸ್ತುವಾರಿ ಎಂದರೇನು? ನೋಡುವ ಅಧಿಕಾರ. ಆದರೆ ಎಷ್ಟೋ ಊರುಗಳಲ್ಲಿ ಸಮಿತಿಯ ಸದಸ್ಯೆಯ ಮನೆಗೆ ಹೋಗಿ "ಸಮಿತಿಯಲ್ಲಿ ಏನು ನಡೆಯಿತಮ್ಮ?" ಎಂದರೆ "ನನ್ನ ಯಜಮಾನರು ರುಜು ಹಾಕಿ ಬಂದರು" ಎನ್ನುತ್ತಾಳೆ. ನೋಡದೆ ಹಾಕಿದ ರುಜು ಮೇಲುಸ್ತುವಾರಿಯಲ್ಲ.

ಇನ್ನು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಶಾಲೆಯ ಹೆಸರು ಬೇಡ, ಊರಿನ ಹೆಸರೂ ಬೇಡ.

ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದೆ. ಮಳೆಗಾಲ ಹಿಡಿದು ಮೂರು ವಾರವಾಗಿತ್ತು. ಮೂರನೆ ತರಗತಿಯ ಒಂದು ಹೆಣ್ಣುಮಗು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಎಂದು ಗುರುತು ಹಾಕಿದೆ. ನಾಲ್ಕು ದಿನ ಬಿಟ್ಟು ಇನ್ನಿಬ್ಬರು ಬರಲಿಲ್ಲ; ಗುರುತು ಹಾಕಿದೆ. ನಾಟಿಯ ಕಾಲ, ಚಿಕ್ಕ ಮಗುವನ್ನು ಎತ್ತಿಕೊಳ್ಳಲು ದೊಡ್ಡ ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಂಡಿದ್ದಾರೆ ಎಂದುಕೊಂಡೆ. ನಾನು ಯಾರ ಮನೆಗೂ ಹೋಗಲಿಲ್ಲ. ಅದೇ ಹೊತ್ತಿನಲ್ಲಿ ಕೇರಿಯ ತಾಯಂದಿರಿಗೆ ಗೊತ್ತಿತ್ತು: ಮಕ್ಕಳ ಕಣ್ಣು ಹಳದಿಯಾಗಿದೆ, ಅನ್ನ ಕಂಡರೆ ವಾಕರಿಕೆ ಬರುತ್ತಿದೆ. ಕಾಮಾಲೆ. ಪಕ್ಕದ ಊರಿನ ಒಬ್ಬರ ಹತ್ತಿರ ಕರೆದುಕೊಂಡು ಹೋಗಿ ಸೊಪ್ಪಿನ ರಸ ಕುಡಿಸಿದರು, ಒಬ್ಬ ಹುಡುಗನ ತೋಳಿಗೆ ಬರೆಯನ್ನೂ ಹಾಕಿಸಿದರು. ಶಾಲೆಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಮಗುವನ್ನು ಇನ್ನು ಸೇರಿಸುವುದಿಲ್ಲ, ಬಿಸಿಯೂಟದ ಸಾಲಿನಲ್ಲಿ ಬೇರೆ ಕೂರಿಸುತ್ತಾರೆ ಎಂದು ಅವರ ಹೆದರಿಕೆ. ಅದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಬೇರೆ ಕೂರಿಸಿದ್ದನ್ನು ಅವರು ತಮ್ಮ ಬಾಲ್ಯದಲ್ಲಿ ಕಂಡವರು.

ಈಗ ಶಾಲೆಗೆ ಗೊತ್ತಿದ್ದದ್ದೇನು ಎಂಬುದನ್ನು ಕೇಳಿ. ಕುಡಿಯುವ ನೀರಿನ ತೊಟ್ಟಿಯ ಮುಚ್ಚಳ ಬೇಸಿಗೆಯಲ್ಲೇ ಒಡೆದಿತ್ತು. ಹಿಂಬದಿಯ ಕಕ್ಕಸಿನ ಗುಂಡಿ ಮೊದಲ ಮಳೆಗೇ ತುಂಬಿ ನೀರು ಪೈಪಿನ ಮೇಲೆ ಹರಿಯುತ್ತಿತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೆ. ಮೇಲಿನ ಕಚೇರಿಗೆ ಒಂದು ಕಾಗದ ಬರೆದು ಅದರ ನಕಲನ್ನು ಕಡತದಲ್ಲಿ ಇಟ್ಟೆ. ನಕಲು ಇಟ್ಟ ಮೇಲೆ ನನ್ನ ಜವಾಬ್ದಾರಿ ತೀರಿತೆಂದು ನನಗೆ ನಿದ್ದೆ ಬರುತ್ತಿತ್ತು. ಊರಿನವರಿಗೆ ಹೇಳಲಿಲ್ಲ. ಹೇಳಿದರೆ ಶಾಲೆಯ ಮರ್ಯಾದೆ ಹೋಗುತ್ತದೆ, ಮಕ್ಕಳನ್ನು ಬಿಡಿಸಿ ಖಾಸಗಿ ಶಾಲೆಯ ವ್ಯಾನಿಗೆ ಹತ್ತಿಸುತ್ತಾರೆ ಎಂಬುದು ನನ್ನ ಹೆದರಿಕೆ. ಅರ್ಧ ಸುದ್ದಿ ಕೇರಿಯಲ್ಲಿ, ಅರ್ಧ ಸುದ್ದಿ ನನ್ನ ಕಡತದಲ್ಲಿ. ನಡುವೆ ಇದ್ದದ್ದು ಒಂದು ಫರ್ಲಾಂಗು ರಸ್ತೆ.

ಎರಡನ್ನೂ ಕೂಡಿಸಿದವಳು ಉಪಕೇಂದ್ರದ ನರ್ಸಮ್ಮ. ಬಾಣಂತಿಯರನ್ನು ನೋಡಲು ಮನೆಮನೆಗೆ ಹೋದಾಕೆ ಎರಡು ಕೇರಿಗಳಲ್ಲಿ ಹನ್ನೊಂದು ಮಕ್ಕಳನ್ನು ಎಣಿಸಿದಳು. ಹನ್ನೊಂದೂ ಒಂದೇ ಶಾಲೆಯವು, ಒಂದೇ ನಲ್ಲಿಯ ನೀರು ಕುಡಿದವು. ನೆಟ್ಟಗೆ ನನ್ನ ಕೊಠಡಿಗೆ ಬಂದು "ಸಾರ್, ನಿಮ್ಮ ತೊಟ್ಟಿ ತೋರಿಸಿ" ಎಂದಳು. ಮಕ್ಕಳಿಗೆ ಪ್ರತಿದಿನ ಕೂಡುವ ಲೆಕ್ಕ ಕಲಿಸುತ್ತಿದ್ದ ನನಗೆ ಆ ಲೆಕ್ಕ ಬಂದಿರಲಿಲ್ಲ.

ನೀರಿನಿಂದ ಹರಡುವ ಈ ಕಾಮಾಲೆಯ ಸ್ವಭಾವವನ್ನು ನೀವು ತಿಳಿದಿರಬೇಕು. ವಿಷ ಹೊಟ್ಟೆಗೆ ಸೇರಿದ ಕೂಡಲೇ ಕಣ್ಣು ಹಳದಿಯಾಗುವುದಿಲ್ಲ. ಹದಿನೈದು ದಿನದಿಂದ ಐವತ್ತು ದಿನ, ಸಾಮಾನ್ಯವಾಗಿ ನಾಲ್ಕು ವಾರ ಹಿಡಿಯುತ್ತದೆ. ಹಳದಿ ಕಾಣುವುದಕ್ಕೆ ಮುಂಚಿನ ಒಂದೆರಡು ವಾರದಲ್ಲೇ ಅದು ಮತ್ತೊಬ್ಬರಿಗೆ ಹೆಚ್ಚಾಗಿ ಹರಡುವುದು. ಎಂದರೆ, ಮೊದಲ ಮಗುವಿನ ಕಣ್ಣು ಹಳದಿಯಾದ ದಿನವೇ ಶಾಲೆಗೆ ತಿಳಿದರೂ ನಾವು ಆಗಲೇ ತಡವಾಗಿರುತ್ತೇವೆ. ಮೂರು ವಾರ ಮುಚ್ಚಿಟ್ಟರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಇದಕ್ಕೆ ಪ್ರತ್ಯೇಕ ಔಷಧಿಯೇ ಇಲ್ಲ. ಹೆಚ್ಚಿನ ಮಕ್ಕಳಲ್ಲಿ ವಿಶ್ರಾಂತಿ, ಶುದ್ಧವಾದ ನೀರು, ಒಳ್ಳೆಯ ಆಹಾರ ಸಿಕ್ಕರೆ ತಾನಾಗಿ ವಾಸಿಯಾಗುತ್ತದೆ. ಮೊದಲೇ ಸೋತ ಪಿತ್ತಜನಕಾಂಗದ ಮೇಲೆ ಗೊತ್ತಿಲ್ಲದ ರಸ ಹಾಕುವುದರಿಂದ ಕೇಡಾಗಬಹುದು. ಬರೆಯಿಂದಂತೂ ಮಗುವಿಗೆ ಸುಟ್ಟಗಾಯವೊಂದೇ ಲಾಭ.

ಹತ್ತು ಮಕ್ಕಳು ಬೇಗ ಗುಣವಾದವು. ಒಬ್ಬ ಹುಡುಗನಿಗೆ ಜೋರಾಗಿ ಜಿಲ್ಲಾಸ್ಪತ್ರೆಗೆ ಒಯ್ದರು. ಹದಿನೆಂಟು ದಿನ. ಅವನು ಬದುಕಿದ. ಆದರೆ ಆ ಹದಿನೆಂಟು ದಿನ ತಂದೆತಾಯಿ ಇಬ್ಬರಿಗೂ ಕೂಲಿಯಿಲ್ಲ, ಬಸ್ಸು, ಊಟ, ಹೊರಗಿನ ಔಷಧಿ ಅಂಗಡಿ ಎಂದು ಸಾಲವಾಯಿತು. ಆ ಸಾಲ ತೀರಿಸಲು ಏಳನೆ ತರಗತಿಯಲ್ಲಿದ್ದ ಅವನ ಅಕ್ಕ ಅಡಿಕೆ ಸುಲಿಯಲು ಹೋದವಳು ಮತ್ತೆ ಬರಲಿಲ್ಲ. ಅವಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಕೆಂಪು ಮಸಿಯಿಂದ ಹೊಡೆದುಹಾಕಿದವನು ನಾನು. ತೊಟ್ಟಿಯ ಮುಚ್ಚಳಕ್ಕೆ ಆಮೇಲೆ ತಗುಲಿದ ವೆಚ್ಚ ನನ್ನ ಒಂದು ದಿನದ ಸಂಬಳಕ್ಕಿಂತ ಕಡಿಮೆ.

ಹೇಳದೆ ಇರುವುದರಿಂದ ರೋಗ ಮಾತ್ರ ಹರಡುವುದಿಲ್ಲ, ಸುಳ್ಳೂ ಹರಡುತ್ತದೆ. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ದೊಡ್ಡ ಚಳವಳಿಯನ್ನು ದೇಶದಲ್ಲಿ ಮೊದಲು ಆರಂಭಿಸಿದ್ದು ನಮ್ಮ ರಾಜ್ಯದಲ್ಲಿ, ಜೊತೆಗೆ ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ಚುಚ್ಚಬೇಕಾಗಿತ್ತು, ಹೆಚ್ಚಿನವರಿಗೆ ಶಾಲೆಯಲ್ಲಿ. ಲಸಿಕೆ ಬರುವುದಕ್ಕೆ ಮುಂಚೆ ವಾಟ್ಸಪ್ಪಿನಲ್ಲಿ ಸುಳ್ಳು ಬಂತು: ಇದರಿಂದ ಮುಂದೆ ಮಕ್ಕಳಾಗುವುದಿಲ್ಲ, ಇದು ಯಾರದೋ ಒಳಸಂಚು ಎಂದು. ನಿಜವೇನೆಂದರೆ, ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಹುಟ್ಟುವ ಕೂಸಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಬರಬಹುದು. ಅದನ್ನು ತಪ್ಪಿಸುವುದಕ್ಕೇ ಆ ಲಸಿಕೆ. ಆದರೆ ಇದನ್ನು ಮುಂಚಿತವಾಗಿ ಕುಳಿತು ಹೇಳಿದವರಾರು? ಎಷ್ಟೋ ಶಾಲೆಗಳಲ್ಲಿ ಹಿಂದಿನ ದಿನ ಒಂದು ಅಚ್ಚಾದ ಕಾಗದವನ್ನು ಮಗುವಿನ ಚೀಲಕ್ಕೆ ತುರುಕಿದರು. ಓದು ಬಾರದ ತಾಯಿ ಆ ಕಾಗದವನ್ನು ಹಿಡಿದುಕೊಂಡು ಪಕ್ಕದ ಮನೆಯ ಹುಡುಗನ ಹತ್ತಿರ ಹೋದಳು. ಅವನ ಕೈಯಲ್ಲಿದ್ದ ಫೋನಿನಲ್ಲಿ ಸುಳ್ಳು ಸಿದ್ಧವಾಗಿತ್ತು. ಜನ ಮೂಢರೆಂದು ಪತ್ರಿಕೆಗಳು ಬರೆದವು. ಕೇಳಿದ ಪ್ರಶ್ನೆಗೆ ಉತ್ತರ ಸಿಗದವನು ಸಿಕ್ಕಿದ ಉತ್ತರವನ್ನು ನಂಬುತ್ತಾನೆ; ಅದರಲ್ಲಿ ಮೂಢತನ ಯಾರದು?

ಅಷ್ಟು ದೂರ ಹೋಗುವುದೇಕೆ, ಕಬ್ಬಿಣಾಂಶದ ಮಾತ್ರೆಯನ್ನೇ ತೆಗೆದುಕೊಳ್ಳಿ. ಐದರಿಂದ ಹತ್ತು ವರ್ಷದ ಮಕ್ಕಳಿಗೆ ಗುಲಾಬಿ ಬಣ್ಣದ್ದು, ಅದಕ್ಕೆ ಮೇಲಿನವರಿಗೆ ನೀಲಿಯದು, ವಾರಕ್ಕೊಂದು. ರಕ್ತಹೀನತೆಗಾಗಿ. ಅದನ್ನು ನುಂಗಿದ ಮಗುವಿಗೆ ಮಲ ಕಪ್ಪಗಾಗುತ್ತದೆ. ಅದು ಸಹಜ, ಏನೂ ಅಪಾಯವಿಲ್ಲ. ಆದರೆ ಮರುದಿನ ಬೆಳಿಗ್ಗೆ ಅದನ್ನು ಕಂಡ ಅಜ್ಜಿಗೆ ಯಾರೂ ಹೇಳಿಲ್ಲ. ನನ್ನ ಶಾಲೆಯ ಒಬ್ಬ ಅಜ್ಜಿ ಮೊಮ್ಮಗಳಿಗೆ ರಕ್ತ ಹೋಗುತ್ತಿದೆಯೆಂದು ಗಾಬರಿಯಾಗಿ ಇದ್ದ ಕೋಳಿ ಮಾರಿ ಆಟೋ ಮಾಡಿಕೊಂಡು ಆಸ್ಪತ್ರೆಗೆ ಓಡಿದಳು. ಆ ವಾರದಿಂದ ಆ ಓಣಿಯ ಮಕ್ಕಳೆಲ್ಲ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಹೊರಗೆ ಹೋಗಿ ಉಗುಳತೊಡಗಿದರು. ಊಟವಾದ ಮೇಲೆ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ಕೂಡದು, ಮಲ ಕಪ್ಪಗಾದರೆ ಹೆದರಬಾರದು. ಮೂರು ಮಾತು ಮೊದಲೇ ಹೇಳಿದ್ದರೆ ಅಜ್ಜಿಯ ಕೋಳಿ ಉಳಿಯುತ್ತಿತ್ತು. ಫೆಬ್ರವರಿ 10, ಆಗಸ್ಟ್ 10ರ ಜಂತುಹುಳುವಿನ ಮಾತ್ರೆಯದೂ ಅಷ್ಟೇ. ಅದನ್ನು ಇಡಿಯಾಗಿ ನುಂಗಿಸಬಾರದು, ಅಗಿದು ತಿನ್ನಿಸಬೇಕು. ಆ ದಿನ ಕಾಯಿಲೆಯಿಂದಿರುವ ಮಗುವಿಗೆ ಕೊಡಬಾರದು. ಹೊಟ್ಟೆಯಲ್ಲಿ ಹುಳು ಹೆಚ್ಚಾಗಿರುವ ಮಗುವಿಗೆ ಸ್ವಲ್ಪ ಹೊಟ್ಟೆನೋವು, ವಾಂತಿ ಬರಬಹುದು, ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಮಗುವಿಗೆ ಆ ದಿನ ಜ್ವರವಿತ್ತೆಂಬುದು ತಾಯಿಗೆ ಗೊತ್ತು, ಮೇಷ್ಟ್ರಿಗೆ ಗೊತ್ತಿಲ್ಲ. ಆದ್ದರಿಂದ ತಾರೀಖು ತಾಯಿಗೆ ಮೊದಲೇ ತಿಳಿದಿರಬೇಕು.

ಊಟದ ಮಾತಿಗೆ ಬರುತ್ತೇನೆ. ಬಿಸಿಯೂಟ ಯಾರೋ ದಾನಿಗಳ ಕೊಡುಗೆಯೆಂದು ತಿಳಿದಿರುವವರು ಇನ್ನೂ ಇದ್ದಾರೆ. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆಜ್ಞೆ ಮಾಡಿತು. ನಮ್ಮಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದ ಕಡೆಗೆ ಬಂತು. ಒಂದರಿಂದ ಐದನೆ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟರವರೆಗೆ 150 ಗ್ರಾಂ. ಎಷ್ಟು ಅಕ್ಕಿ ಬಂತು, ಎಷ್ಟು ಬಳಸಿತು, ಇವತ್ತಿನ ಅಡುಗೆ ಏನು, ಎಷ್ಟು ಮಕ್ಕಳು ಉಂಡರು ಎಂಬುದನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕೆಂಬುದು ನಿಯಮ. 2015ರ ನಿಯಮಗಳ ಪ್ರಕಾರ ಬಡಿಸುವುದಕ್ಕೆ ಮುಂಚೆ ಉಪಾಧ್ಯಾಯರೊಬ್ಬರು ರುಚಿ ನೋಡಬೇಕು, ಸಮಿತಿಯ ಪೋಷಕರೂ ಸರದಿಯಂತೆ ನೋಡಬೇಕು.

ಆ ನಿಯಮದ ಹಿಂದೆ ಇಪ್ಪತ್ತಮೂರು ಮಕ್ಕಳ ಹೆಣಗಳಿವೆ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯಲ್ಲಿ ಶಾಲೆಯ ಊಟ ಮಾಡಿ ಅಷ್ಟು ಮಕ್ಕಳು ಸತ್ತುಹೋದವು. ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ ಸೇರಿತ್ತು. ಅಡುಗೆಯವಳು ಎಣ್ಣೆ ಸರಿಯಿಲ್ಲವೆಂದು ಮೊದಲೇ ಹೇಳಿದ್ದಳೆಂದು ಆಗಿನ ವರದಿಗಳಲ್ಲಿ ಬಂತು. ಹೇಳಿದ ಮಾತು ಹೊಸಿಲು ದಾಟಲಿಲ್ಲ. ನಮ್ಮ ಶಾಲೆಗಳಲ್ಲಿ ಅತಿ ಕಡಿಮೆ ಗೌರವಧನಕ್ಕೆ ದುಡಿಯುವ ಅಡುಗೆಯ ತಾಯಂದಿರಿಗೆ ಯಾವ ಮಗು ಬೆಳಿಗ್ಗೆ ಏನೂ ತಿನ್ನದೆ ಬರುತ್ತದೆ, ಯಾವುದು ಎರಡನೆ ಸಲ ಅನ್ನ ಕೇಳಲು ನಾಚುತ್ತದೆ, ಯಾವ ಬೇಳೆಗೆ ಹುಳು ಹಿಡಿದಿದೆ ಎಂಬುದೆಲ್ಲ ಗೊತ್ತು. ಸಭೆಯ ದಿನ ಅವರು ಚಹಾ ಕಾಯಿಸುತ್ತಿರುತ್ತಾರೆ. ಇವತ್ತೂ ಹಿಂದಿನ ಕೋಣೆಯಲ್ಲಿದ್ದಾರೆ; ನನ್ನ ಮಾತು ಮುಗಿಯುವುದಕ್ಕೆ ಮುಂಚೆ ಅವರನ್ನು ಕರೆದು ಇಲ್ಲಿ ಕೂರಿಸಬೇಕೆಂದು ಅಧ್ಯಕ್ಷರಲ್ಲಿ ಬಿನ್ನಹ. ಚಹಾ ತಡವಾದರೆ ಅಡ್ಡಿಯಿಲ್ಲ.

ಆ ಜುಲೈ 16 ಎಂಬುದು ಕೆಟ್ಟ ದಿನವಿರಬೇಕು. ಅದಕ್ಕೂ ಒಂಬತ್ತು ವರ್ಷ ಹಿಂದೆ, 2004ರ ಅದೇ ತಾರೀಖು, ತಮಿಳುನಾಡಿನ ಕುಂಭಕೋಣದ ಶಾಲೆಯೊಂದರ ಹುಲ್ಲಿನ ಮಾಡಿಗೆ ಬೆಂಕಿ ಬಿದ್ದು 94 ಮಕ್ಕಳು ಸುಟ್ಟುಹೋದರು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯ, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತವಾದ ಶಾಲೆಯ ಹಕ್ಕೂ ಸೇರಿದೆ ಎಂದು ಹೇಳಿತು. ಹೇಳಿ ಹದಿನಾರು ವರ್ಷವಾದ ಮೇಲೆ, 2025ರ ಜುಲೈ 25ರಂದು, ರಾಜಸ್ಥಾನದ ಝಾಲಾವಾಡ ಜಿಲ್ಲೆಯಲ್ಲಿ ಸರ್ಕಾರಿ ಶಾಲೆಯ ಮಾಡು ಕುಸಿದು ಏಳು ಮಕ್ಕಳು ಸತ್ತರು. ಮೇಲಿನಿಂದ ಕಲ್ಲಿನ ಚೂರು ಬೀಳುತ್ತಿದೆಯೆಂದು ಮಕ್ಕಳೇ ಮೊದಲು ಹೇಳಿದ್ದರಂತೆ. ಮಗು ಹೇಳಿದ ಸುದ್ದಿಗೆ ಬೆಲೆಯಿಲ್ಲ ಎಂಬ ಒಂದು ಹಳೆಯ ರೋಗ ನಮಗೆಲ್ಲ ಅಂಟಿದೆ, ಮೇಷ್ಟ್ರಿಗೂ ಅಪ್ಪಂದಿರಿಗೂ.

ಗುಂಡ್ಲುಪೇಟೆಯ ಕಾಡು ದಾಟಿದರೆ ಸಿಗುವ ಸುಲ್ತಾನ್ ಬತ್ತೇರಿಯಲ್ಲಿ 2019ರ ನವೆಂಬರಿನಲ್ಲಿ ಐದನೆ ತರಗತಿಯ ಬಾಲಕಿಗೆ ತರಗತಿಯೊಳಗೇ ಹಾವು ಕಚ್ಚಿತು. ನೆಲದಲ್ಲಿ ತೂತು ಇತ್ತು. ತಂದೆ ಬರಲೆಂದು ಕಾದು ಆಸ್ಪತ್ರೆಗೆ ಒಯ್ಯುವುದು ತಡವಾಯಿತೆಂದು ಅವಳ ಸಹಪಾಠಿಗಳೇ ಮುಂದೆ ಬಂದು ಜಗತ್ತಿಗೆ ಹೇಳಿದರು. ಮಗು ಉಳಿಯಲಿಲ್ಲ. ಮನೆಗೆ ಸುದ್ದಿ ಮುಟ್ಟಿಸಬೇಕೆಂದು ನಾನು ಇಷ್ಟು ಹೊತ್ತು ಹೇಳಿದೆ. ಆದರೆ ಸುದ್ದಿ ಮುಟ್ಟಿಸುವುದೆಂದರೆ ಜವಾಬ್ದಾರಿಯನ್ನು ಮನೆಗೆ ದಾಟಿಸುವುದಲ್ಲ. ಹಾವು ಕಚ್ಚಿದರೆ, ಮಗು ಮರದಿಂದ ಬಿದ್ದರೆ, ಮೊದಲು 108ಕ್ಕೆ ಕರೆ, ಸಿಕ್ಕಿದ ಗಾಡಿಯಲ್ಲಿ ಆಸ್ಪತ್ರೆ. ದಾರಿಯಲ್ಲಿ ಅಪ್ಪನಿಗೆ ಫೋನು. ಹೀಗೆ ಮಾಡಿದ ಮೇಷ್ಟ್ರನ್ನು "ನಮ್ಮನ್ನು ಕೇಳದೆ ಏಕೆ ಒಯ್ದಿರಿ" ಎಂದು ಜಗಳಕ್ಕೆ ಹೋಗುವವರೂ ಇದ್ದಾರೆ. ಇವತ್ತೇ ಎಲ್ಲರ ಎದುರಿಗೆ ಮಾತಾಗಲಿ: ಅಂಥ ಹೊತ್ತಿನಲ್ಲಿ ಕೇಳಬೇಕಾಗಿಲ್ಲ.

ಇನ್ನು ಮಳೆಯ ರಜ. ಜೋರು ಮಳೆಯಾದರೆ ರಜ ಕೊಡುವುದು ಸರಿಯೇ. ಆದರೆ ಬೆಳಿಗ್ಗೆ ಏಳೂವರೆಗೆ ಹುಕುಂ ಹೊರಟರೆ, ಗುಡ್ಡದಾಚೆಯ ಮಗು ಏಳಕ್ಕೇ ಮನೆ ಬಿಟ್ಟಾಗಿರುತ್ತದೆ. ಸಂಕ ದಾಟಿ ಬಂದು, ಬೀಗ ನೋಡಿ, ಅದೇ ಸಂಕದ ಮೇಲೆ ಒಂಟಿಯಾಗಿ ಮರಳುತ್ತದೆ. 2022ರ ಆಗಸ್ಟಿನಲ್ಲಿ ಬೈಂದೂರಿನ ಕಡೆ ಎರಡನೆ ತರಗತಿಯ ಮಗುವೊಂದು ಶಾಲೆಯಿಂದ ಹಿಂದಿರುಗುವಾಗ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದದ್ದು ನಿಮಗೆ ನೆನಪಿರಬಹುದು. ರಜವಿದ್ದರೂ ಬಾಗಿಲು ತೆರೆದು ಒಬ್ಬರು ಹತ್ತು ಗಂಟೆಯವರೆಗೆ ಇಲ್ಲಿರಬೇಕು. ಬಂದ ಮಗುವನ್ನು ಕೂರಿಸಿಕೊಂಡು ಜೊತೆ ಸಿಕ್ಕಿದ ಮೇಲೆ ಕಳಿಸಬೇಕು. ಸರದಿಯಲ್ಲಿ ಊರಿನವರೂ ಸೇರಿದರೆ ಇದು ಕಷ್ಟವಲ್ಲ.

ಈಗ ಎಲ್ಲಕ್ಕೂ ವಾಟ್ಸಪ್ ಗುಂಪು ಇದೆಯಲ್ಲ ಎನ್ನುತ್ತಾರೆ. ಒಳ್ಳೆಯದೇ. ಆದರೆ ಆ ಫೋನು ಯಾರ ಜೇಬಿನಲ್ಲಿದೆ? ಅಪ್ಪನ ಜೇಬಿನಲ್ಲಿ, ಅಪ್ಪ ಕಾಫಿ ತೋಟದ ಕೆಲಸಕ್ಕೆ ಚಿಕ್ಕಮಗಳೂರಿನಲ್ಲಿ. ಮಗುವಿಗೆ ಜ್ವರ ನೋಡುವ ಅಮ್ಮನ ಕೈಯಲ್ಲಿ ಒತ್ತುವ ಗುಂಡಿಯ ಫೋನು, ಅದರಲ್ಲೂ ಹಣ ಹಾಕಿಸಿಲ್ಲ. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ಇದನ್ನೆಲ್ಲ ಕಂಡಿದ್ದೇವೆ: ಫೋನಿದ್ದ ಮನೆಗೆ ಪಾಠ ಬಂತು, ಇಲ್ಲದ ಮನೆಗೆ ಮೌನ ಬಂತು. ವಿದ್ಯಾಗಮ ಎಂದು ಮೇಷ್ಟ್ರುಗಳು ದೇವಸ್ಥಾನದ ಕಟ್ಟೆಗೆ, ಮರದ ಬುಡಕ್ಕೆ ಹೋಗಿ ಕುಳಿತಾಗಲೇ ಎಷ್ಟೋ ಮನೆಗಳ ಸ್ಥಿತಿ ಶಾಲೆಗೆ ಗೊತ್ತಾದದ್ದು. ಅಲ್ಲದೆ ಎಲ್ಲ ಸುದ್ದಿಯೂ ಎಲ್ಲರಿಗೂ ಅಲ್ಲ. ತೊಟ್ಟಿಯ ನೀರು ಕೆಟ್ಟಿದೆಯೆಂಬುದು ಊರಿಗೆ ಹೇಳಬೇಕಾದ ಸುದ್ದಿ. ಒಬ್ಬ ಹುಡುಗನಿಗೆ ಮೂರ್ಛೆ ಬರುತ್ತದೆ, ಒಬ್ಬ ಹುಡುಗಿ ಮೈನೆರೆದಿದ್ದಾಳೆ, ಒಬ್ಬನಿಗೆ ಓದು ಹತ್ತುತ್ತಿಲ್ಲ ಎಂಬುದು ಆಯಾ ಮನೆಯವರಿಗೆ ಮಾತ್ರ, ಅದೂ ಮೆಲ್ಲಗೆ. ಗುಂಪಿನಲ್ಲಿ ಮಕ್ಕಳ ಅಂಕಪಟ್ಟಿ ಹಾಕಿ ಕೊನೆಯವನನ್ನು ಊರಿಗೆಲ್ಲ ತೋರಿಸಿದ ಒಬ್ಬರನ್ನು ನಾನು ಬಲ್ಲೆ. ಅದು ಸುದ್ದಿ ತಿಳಿಸುವುದಲ್ಲ, ಹರಾಜು ಹಾಕುವುದು.

ಉಪಾಧ್ಯಾಯರ ಪರವಾಗಿಯೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ಒಬ್ಬರೇ ಐದು ತರಗತಿ ನೋಡುವ ಶಾಲೆಗಳಿವೆ. ಅವರು ಜನಗಣತಿ, ಚುನಾವಣೆ, ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಸಂಜೆಯೊಳಗೆ ಮೇಲಕ್ಕೆ ಕಳಿಸಬೇಕಾದ ಹತ್ತು ನಮೂನೆ ಎಲ್ಲವನ್ನೂ ಮಾಡಬೇಕು. ಶಾಲೆಯ ಸುದ್ದಿ ಮೇಲಕ್ಕೆ ಹೋಗುವುದಕ್ಕೆ ಇಷ್ಟೊಂದು ದಾರಿಗಳಿವೆ. ಒಂದು ಫರ್ಲಾಂಗು ಆಚೆಯ ಕೇರಿಗೆ ಹೋಗುವುದಕ್ಕೆ ಒಂದು ನಮೂನೆಯೂ ಇಲ್ಲ. ಇದು ಮೇಷ್ಟ್ರ ತಪ್ಪಲ್ಲ. ಮೇಲಿನವರಿಗೆ ಲೆಕ್ಕ ಒಪ್ಪಿಸಿದರೆ ಸಾಕೆಂದು ಕಟ್ಟಿದ ವ್ಯವಸ್ಥೆಯ ತಪ್ಪು. ಅದನ್ನು ಬದಲಿಸುವುದು ನಿಮ್ಮ ಸಮಿತಿಯ ಕೆಲಸ, ನಿಮ್ಮ ಮತದ ಕೆಲಸ.

ಮನೆಯಿಂದಲೂ ಸುದ್ದಿ ಬರಬೇಕು. ಮಗುವಿಗೆ ಮೂರ್ಛೆಯಿದ್ದರೆ, ಯಾವುದಾದರೂ ತಿಂದರೆ ಮೈ ದದ್ದರಿಸಿದರೆ, ಕಣ್ಣು ಮಂಜಾದರೆ ಮುಚ್ಚಿಡಬೇಡಿ. 2013ರಿಂದ ವರ್ಷಕ್ಕೊಂದು ಸಲ ವೈದ್ಯರ ತಂಡ ಶಾಲೆಗೆ ಬಂದು ಮಕ್ಕಳನ್ನು ಪರೀಕ್ಷಿಸುವ ಏರ್ಪಾಡಿದೆ. ಅದು ಬರುವ ದಿನ ಕೇಳಿ ತಿಳಿದುಕೊಂಡು ಸಾಧ್ಯವಾದರೆ ಒಬ್ಬರು ಬನ್ನಿ, ಅವರು ಬರೆದುಕೊಟ್ಟ ಚೀಟಿ ಚೀಲದಲ್ಲೇ ಹರಿದು ಹೋಗದಿರಲಿ. ಮತ್ತೊಂದು. "ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಹೊಡೀರಿ ಸಾರ್" ಎಂದು ಹೇಳಿ ಮಗುವನ್ನು ಬಿಟ್ಟು ಹೋಗುವ ಅಪ್ಪಂದಿರನ್ನು ನಾನು ಬಹಳ ಕಂಡಿದ್ದೇನೆ. ಆ ಮಾತು ಕೇಳಿದ ಮಗು ಶಾಲೆಯಲ್ಲಿ ಏನಾದರೂ ಮನೆಯಲ್ಲಿ ಹೇಳುವುದಿಲ್ಲ. ಹೊಡೆಯುವುದನ್ನು 2009ರ ಕಾನೂನಿನ 17ನೆಯ ಕಲಮು ನಿಷೇಧಿಸಿದೆ. ಮಗುವಿನ ಮೈಮೇಲೆ ಯಾರಾದರೂ ಕೆಟ್ಟ ಕೈ ಇಟ್ಟರೆ 2012ರ ಪೋಕ್ಸೋ ಕಾನೂನಿನಂತೆ ಪೊಲೀಸರಿಗೆ ತಿಳಿಸಲೇಬೇಕು; ಶಾಲೆಯ ಮರ್ಯಾದೆಗೆಂದು ಮುಚ್ಚಿಟ್ಟರೆ ಮುಚ್ಚಿಟ್ಟವರಿಗೂ ಶಿಕ್ಷೆಯುಂಟು. 1098 ಎಂಬುದು ಮಕ್ಕಳ ಸಹಾಯದ ಸಂಖ್ಯೆ, ಹಣವಿಲ್ಲದ ಫೋನಿನಿಂದಲೂ ಮಾಡಬಹುದು. ಇದನ್ನು ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿ.

ಈ ಶಾಲೆಯವರು ಮುಖ್ಯೋಪಾಧ್ಯಾಯಿನಿಯವರ ಮುಂದಾಳುತನದಲ್ಲಿ ಒಂದು ಏರ್ಪಾಡಿಗೆ ಒಪ್ಪಿದ್ದಾರೆಂದು ತಿಳಿದು ಸಂತೋಷವಾಯಿತು. ಕಪ್ಪು ಹಲಗೆಯೊಂದನ್ನು ಶಾಲೆಯೊಳಗಲ್ಲ, ನೀರಿಗೆ ಎಲ್ಲರೂ ಬರುವ ನಲ್ಲಿಯ ಕಟ್ಟೆಯ ಹತ್ತಿರ ಹಾಕುವುದು. ದಿನವೂ ಐದನೆ ತರಗತಿಯ ಇಬ್ಬರು ಮಕ್ಕಳು ಅದರ ಮೇಲೆ ನಾಲ್ಕು ಸಾಲು ಬರೆದು, ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳುವುದು. ಓದುವ ಪಾಠವೂ ಆಯಿತು. ಪ್ರತಿ ಕೇರಿಗೆ ಒಬ್ಬ ತಾಯಿ. ಎರಡು ಮಕ್ಕಳು ಒಂದೇ ಕಾಯಿಲೆಯಿಂದ ಮಲಗಿದರೆ ಆ ದಿನವೇ ಆಕೆ ಶಾಲೆಗೂ ಆಶಾ ಕಾರ್ಯಕರ್ತೆಗೂ ಹೇಳುವುದು. ಒಂದು ಮಗು ಎರಡು ದಿನ ಬರದಿದ್ದರೆ ಮೂರನೆಯ ದಿನ ಶಾಲೆಯಿಂದ ಒಬ್ಬರು ಮನೆಗೆ ಹೋಗಿ ಕೇಳುವುದು. ಮೇಲಿನ ಕೇರಿಗೆ ಯಾರೂ ಹೆಸರು ಕೊಟ್ಟಿಲ್ಲವೆಂದು ಈಗ ಚೀಟಿ ಬಂದಿದೆ. ಅಲ್ಲಿನವರು ಯಾರಾದರೂ ಕೈ ಎತ್ತಿ.

ಅಡುಗೆಯ ತಾಯಂದಿರು ಬಂದು ಕುಳಿತರು, ಸಂತೋಷ. ಇನ್ನು ಅವರು ಮಾತಾಡಲಿ. ಆಮೇಲೆ ನೀರಿನ ತೊಟ್ಟಿಯನ್ನು ಹತ್ತಿ ನೋಡಬೇಕೆನ್ನುವವರು ನನ್ನ ಜೊತೆ ಬನ್ನಿ. ಬ್ಯಾಟರಿ ತಂದಿದ್ದೇನೆ, ಏಣಿ ಹಿಂದಿನ ಗೋಡೆಗೆ ಒರಗಿಸಿದೆ.